ರಿಪೋರ್ಟ್ ನಾರ್ಮಲ್, ಮನುಷ್ಯ ಮಾತ್ರ ಅಲ್ಲ

ಇಲ್ಲಿ ಅವರನ್ನು ಶಿವು ಅನ್ನೋಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಕ್ಯಾಬ್ ಓಡಿಸುತ್ತಿದ್ದರು. ಐದು ತಿಂಗಳ ಹಿಂದೆ, ಬೆಳಗಿನ ಜಾವ, ತುಮಕೂರು ರಸ್ತೆಯಲ್ಲಿ ಹಿಂದಿನಿಂದ ಲಾರಿ ಗುದ್ದಿತು. ಪಕ್ಕದ ಸೀಟಿನಲ್ಲಿದ್ದ ಗೆಳೆಯ ಉಳಿಯಲಿಲ್ಲ. ಶಿವು ಅವರ ಕೈಮೂಳೆ ಮುರಿದಿತ್ತು, ಈಗ ಕೂಡಿದೆ.

ನನ್ನ ಬಳಿ ಸಲಹೆಗೆ ಬರುವಾಗ ದೊಡ್ಡದೊಂದು ಸ್ಕ್ಯಾನ್ ಕವರ್ ತಂದಿದ್ದರು. ಅಪಘಾತದ ದಿನದ ತಲೆಯ ಸಿಟಿ ಸ್ಕ್ಯಾನ್.

"ಮೇಡಂ, ಇದರಲ್ಲಿ ಎಲ್ಲಾ ನಾರ್ಮಲ್ ಅಂತೆ. ನಮ್ಮಣ್ಣ ನಾಟಕ ಆಡ್ತಿದೀಯಾ ಅಂತಾನೆ. ಎಂಆರ್‌ಐ ಮಾಡಿಸಿದ್ರೆ ಗೊತ್ತಾಗುತ್ತಾ?"

ಅದಕ್ಕೆಂದೇ ಚೀಟಿ ಎತ್ತಿದ್ದರು. ನನಗೆ ತುಂಬಾ ಸಂಕಟವಾಯಿತು. ಈ ಮನುಷ್ಯ ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಾರೆ. ಡೀಸೆಲ್ ವಾಸನೆ ಬಂದರೆ ಬೆವರುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ. ಇಷ್ಟಾದರೂ ಸಾಕ್ಷಿ ಬೇಕಂತೆ.

ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಮೂಳೆಮುರಿತ. ಭಯ ಅದರಲ್ಲಿ ಬೀಳುವುದಿಲ್ಲ ಎಂದೆ. ಎಂಆರ್‌ಐ ಬಗ್ಗೆಯೂ ಬಿಡಿಸಿ ಹೇಳಿದೆ. 1995ರಲ್ಲಿ ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಪಿಟಿಎಸ್‌ಡಿ (ದೊಡ್ಡ ಆಘಾತ ಕಳೆದರೂ ಬಿಡದೆ ಕಾಡುವ ಮಾನಸಿಕ ತೊಂದರೆ) ಅಂಟಿಸಿಕೊಂಡಿದ್ದ ಮಾಜಿ ಸೈನಿಕರ ಮಿದುಳನ್ನು ಅಳೆದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಬಲಗಡೆ ಸರಾಸರಿ ಶೇ. 8ರಷ್ಟು ಚಿಕ್ಕದಾಗಿತ್ತು. ಆಘಾತವೇ ಕುಗ್ಗಿಸಿತು ಅನ್ನಿಸುತ್ತೆ, ಅಲ್ವಾ? 2002ರಲ್ಲಿ ಇಂಥ ಸೈನಿಕರನ್ನೂ ಅವರ ಅವಳಿ ಸೋದರರನ್ನೂ ನೋಡಿದಾಗ, ಯುದ್ಧಕ್ಕೇ ಹೋಗದ ಸೋದರನಲ್ಲೂ ಅದು ಚಿಕ್ಕದೇ ಇತ್ತು. ಅಂದರೆ ಕೆಲವರಲ್ಲಿ ಅದು ಮೊದಲಿನಿಂದಲೇ ಹಾಗಿರಬಹುದು. ಇವೆಲ್ಲ ಗುಂಪು ಗುಂಪಾಗಿ ಹೋಲಿಸಿ ಕಂಡ ಸರಾಸರಿಗಳು. ಒಬ್ಬರ ಚಿತ್ರ ಹಿಡಿದು 'ನಿಮಗಿದೆ, ನಿಮಗಿಲ್ಲ' ಎನ್ನಲು ಬರುವುದಿಲ್ಲ. ಪಿಟಿಎಸ್‌ಡಿ ಹೌದೋ ಅಲ್ಲವೋ ಎಂದು ಮನೋವೈದ್ಯರು ಕೂತು ಮಾತಾಡಿಯೇ ತಿಳಿಯುತ್ತಾರೆ.

ಶಿವು ತಲೆ ತಗ್ಗಿಸಿದರು. "ಮಾತಾಡೋದೇ ಆಗಲ್ಲ ಮೇಡಂ. ಆ ರಾತ್ರಿ ಅಂದ ತಕ್ಷಣ ಗಂಟಲು ಕಟ್ಟುತ್ತೆ."

ಆಗ 1996ರ ಇನ್ನೊಂದು ಅಧ್ಯಯನ ಹೇಳಿದೆ. ಇಂಥ ತೊಂದರೆ ಇದ್ದ ಎಂಟು ಜನರಿಗೆ ಅವರದೇ ಘಟನೆಯನ್ನು ಕೇಳಿಸುತ್ತಾ ಪೆಟ್ ಸ್ಕ್ಯಾನ್ (ಮಿದುಳಿನಲ್ಲಿ ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿದ್ದರು. ಭಯಕ್ಕೆ ಎಚ್ಚರಗೊಳ್ಳುವ ಅಮಿಗ್ಡಲಾದ ಕಡೆ ರಕ್ತದ ಹರಿವು ಹೆಚ್ಚಿತ್ತು. ಮಾತು ಕಟ್ಟುವ ಬ್ರೋಕಾ ಭಾಗದಲ್ಲಿ ಕಡಿಮೆಯಾಗಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಶಿವು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರೆ ನನ್ನೊಬ್ಬನಿಗೇ ಅಲ್ಲ" ಎಂದರು. ಸ್ಕ್ಯಾನ್ ಮಾಡಿಸದೆಯೇ ಅವರಿಗೆ ಬೇಕಿದ್ದುದು ಸಿಕ್ಕಿತ್ತು ಎಂದು ನನಗನ್ನಿಸಿತು.

ಚೀಟಿ ಹಣ ಹಾಗೇ ಇರಲಿ ಎಂದೆ. ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಪತ್ರ ಬರೆದುಕೊಟ್ಟೆ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ. ಆಘಾತದ ನೆನಪನ್ನೇ ನಿಧಾನಕ್ಕೆ, ತರಬೇತಿ ಇದ್ದವರ ಜೊತೆ ಎದುರಿಸುವ ಚಿಕಿತ್ಸೆ ಇದೆ, ಅದನ್ನು ಕೇಳಿ ಎಂದೆ. ನಿದ್ದೆ ಬರಲಿ ಅಂತ ಕುಡಿಯಬೇಡಿ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ಅಣ್ಣನನ್ನೂ ಕರೆತನ್ನಿ.

ಅಣ್ಣ ಬಂದರು. 'ಮರೆತುಬಿಡು' ಅನ್ನುವುದನ್ನು ನಿಲ್ಲಿಸಿ, ಎರಡು ಗಂಟೆಗೆ ಅವನು ಎದ್ದಾಗ ಜೊತೆಗೆ ಕೂತುಕೊಳ್ಳಿ ಸಾಕು ಎಂದೆ. ಅವರು ಕವರ್‌ನಿಂದ ಫಿಲ್ಮ್ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಗಾಡಿ ಆಮೇಲೆ ಓಡಿಸುವಂತೆ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದರು.