ಹೊನ್ನಾವರದಿಂದ ಜೋಗಕ್ಕೆ ಸೈಕಲ್ ತುಳಿಯುವವರಿಗೆ

ಪ್ರಶ್ನೆ: ಡಿಸೆಂಬರ್‌ನಲ್ಲಿ ಹೊನ್ನಾವರದಿಂದ ಶರಾವತಿ ಕಣಿವೆಯ ಮೂಲಕ ಜೋಗಕ್ಕೆ ಸಾಮಾನು ಹೇರಿದ ಸೈಕಲ್‌ನಲ್ಲಿ ಹೋಗುವ ಆಸೆ. ಒಂದೇ ದಿನದಲ್ಲಿ ಸಾಧ್ಯವೇ?
– ಓದುಗ, ಹಾಸನ

ಉತ್ತರ: ಸುಮಾರು 60 ಕಿ.ಮೀ. ದಾರಿ, ಅಭ್ಯಾಸವಿದ್ದವರಿಗೆ ಸಾಧ್ಯ. ಆದರೆ ನಾನಾದರೆ ಗೇರುಸೊಪ್ಪದಲ್ಲಿ ಅವಸರ ಮಾಡುವುದಿಲ್ಲ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರದು. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯನ್ನು ನೋಡದೆ ಮುಂದೆ ಹೋಗಬೇಡಿ.

ಅಲ್ಲಿಯವರೆಗೆ ರಸ್ತೆ ನದಿಯ ಜೊತೆಗೇ ಸಾಗುತ್ತದೆ, ಕಾಲಿಗೆ ಹೆಚ್ಚು ಶ್ರಮವಿಲ್ಲ. ನಿಜವಾದ ಪರೀಕ್ಷೆ ಆಮೇಲಿನ ಮಾಲೆಮನೆ ಘಟ್ಟ. ಮುಂದಿನ ಚಿಕ್ಕ ಹಲ್ಲುಚಕ್ರ, ಹಿಂದಿನ ದೊಡ್ಡ ಚಕ್ರ: ಈ ಗೇರನ್ನು ತಿರುವಿಗೆ ಮೊದಲೇ ಹಾಕಿ. ಏರಿನ ನಡುವೆ ಒತ್ತಡದಲ್ಲಿ ಬದಲಿಸಿದರೆ ಚೈನ್ ಕರಕರ ಎಂದು ಜಾರುತ್ತದೆ. ಭಾರವನ್ನು ಎರಡೂ ಚೀಲಗಳಲ್ಲಿ ಸಮನಾಗಿ, ಕೆಳಗಿರುವಂತೆ ಕಟ್ಟಿ. ನೀರನ್ನು ಗೇರುಸೊಪ್ಪದಲ್ಲೇ ತುಂಬಿಕೊಳ್ಳಿ.

ಇದು ರಾಷ್ಟ್ರೀಯ ಹೆದ್ದಾರಿ. ಕುರುಡು ತಿರುವಿನಲ್ಲಿ ಬಸ್ಸು, ಲಾರಿಗಳು ಎದುರಾಗುತ್ತವೆ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ. ಸಿಂಗಳೀಕಗಳಿಗೆ ತಿಂಡಿ ಎಸೆಯಬೇಡಿ, ದಯವಿಟ್ಟು. ರಸ್ತೆಗಿಳಿಯುವ ಅಭ್ಯಾಸವಾದರೆ ಅವು ವಾಹನಕ್ಕೆ ಸಿಗುತ್ತವೆ. ಕತ್ತಲಾಗುವ ಮೊದಲು ಘಟ್ಟದ ಮೇಲಿನ ಊರಾದ ಮಾವಿನಗುಂಡಿ ದಾಟುವಂತೆ ಹೊನ್ನಾವರವನ್ನು ನಸುಕಿನಲ್ಲೇ ಬಿಡಿ.