ಸ್ಪೇನ್‌ಗೆ ಹೋದ ಪೋಲೆಂಡ್‌ನವರು

ಪ್ರಶ್ನೆ: ಪೋಲೆಂಡ್ ಜನ ಕೆಲಸಕ್ಕೆ ಜರ್ಮನಿ, ಇಂಗ್ಲೆಂಡ್‌ಗೆ ಹೋಗುವುದು ಗೊತ್ತು. ಸ್ಪೇನ್‌ನಲ್ಲೂ ಜಾಸ್ತಿ ಇದ್ದಾರಂತೆ, ಅಲ್ಲಿಗೇಕೆ ಹೋದರು?

ಉತ್ತರ: ಸುಮ್ನೆ ಬಿಸಿಲಿಗಾಗಿ ಹೋದವರಲ್ಲ. 1981ರ ಡಿಸೆಂಬರ್‌ನಲ್ಲಿ ಪೋಲೆಂಡ್‌ನಲ್ಲಿ ಸೇನಾ ಆಡಳಿತ ಬಂದ ಮೇಲೆ ದೇಶ ಬಿಟ್ಟವರಲ್ಲಿ ಕೆಲವರು ಸ್ಪೇನ್ ಸೇರಿದರು. ಅವರಲ್ಲಿ ಎಷ್ಟೋ ಜನಕ್ಕೆ ಅಲ್ಲಿಂದ ಕೆನಡಾ, ಅಮೆರಿಕಕ್ಕೆ ಹೋಗುವ ಆಸೆಯಿತ್ತು, ಹೋಗಲಾಗದವರು ಅಲ್ಲೇ ಉಳಿದರು. 2004ರಲ್ಲಿ ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿತು, 2006ರ ಮೇ ತಿಂಗಳಲ್ಲಿ ಸ್ಪೇನ್ ಅವರ ಕೆಲಸಕ್ಕಿದ್ದ ನಿರ್ಬಂಧ ತೆಗೆಯಿತು. ಆಗ ಸ್ಪೇನ್‌ನಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಮ್ಯಾಡ್ರಿಡ್ ಸುತ್ತಲಿನ ಅಲ್ಕಲಾ ದೆ ಎನಾರೆಸ್, ಹೆತಾಫೆ, ಮೋಸ್ತೊಲೆಸ್ ಊರುಗಳಲ್ಲಿ ಅವರ ಮನೆಗಳು ಹೆಚ್ಚು. ಒಂದು ಕಾಲಕ್ಕೆ ಅವರ ಸಂಖ್ಯೆ 80 ಸಾವಿರ ದಾಟಿತ್ತು. 2008ರಲ್ಲಿ ಕಟ್ಟಡದ ಕೆಲಸ ಕುಸಿದು ಬಿತ್ತು. 2009ರಲ್ಲಿ ಇಡೀ ಒಕ್ಕೂಟದಲ್ಲಿ ಆರ್ಥಿಕವಾಗಿ ಬೆಳೆದ ಒಂದೇ ದೇಶ ಪೋಲೆಂಡ್, ಹಾಗಾಗಿ ಅನೇಕರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು.

ಪ್ರಶ್ನೆ: ಅಲ್ಲಿನವರ ಜೊತೆ ಹೊಂದಿಕೊಂಡಿದ್ದಾರಾ?

ಉತ್ತರ: ಚೆನ್ನಾಗಿಯೇ. ಎಷ್ಟು ಚೆನ್ನಾಗಿ ಅಂದರೆ, ವಲಸಿಗರ ಬಗ್ಗೆ ಜಗಳ ಎದ್ದಾಗಲೂ ಇವರ ಹೆಸರು ಬರುವುದು ಕಡಿಮೆ. ಇಬ್ಬರದೂ ಕ್ಯಾಥೊಲಿಕ್ ಹಿನ್ನೆಲೆ. ಆದರೂ ಭಾನುವಾರ ಪೋಲಿಷ್ ಭಾಷೆಯ ಪೂಜೆ ಇರುವ ಚರ್ಚನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ದೇವರ ಜೊತೆಗೆ ಊರವರೂ ಸಿಗುತ್ತಾರಲ್ಲ!

ತೊಂದರೆ ಬರುವುದು ಚಿಕ್ಕ ಚಿಕ್ಕ ಕಡೆ. ಸ್ಪೇನ್‌ನ ಅರ್ಜಿಯಲ್ಲಿ ಮನೆತನದ ಹೆಸರಿಗೆ ಎರಡು ಜಾಗ, ಅಪ್ಪನದೊಂದು, ಅಮ್ಮನದೊಂದು. ಇವರ ಹತ್ತಿರ ಇರುವುದು ಒಂದೇ, ಎರಡನೆಯದು ಖಾಲಿ. ಸ್ಪೇನ್‌ನಲ್ಲಿ ಹೆಂಡತಿ ಗಂಡನ ಹೆಸರು ಹಾಕಿಕೊಳ್ಳುವುದಿಲ್ಲ, ಪೋಲೆಂಡ್‌ನವರಲ್ಲಿ ಗಂಡ ಕೊವಾಲ್ಸ್ಕಿ, ಹೆಂಡತಿ ಕೊವಾಲ್ಸ್ಕಾ: ಹೆಸರು ಒಂದೇ, ಹೆಣ್ಣಿಗೆ ಕೊನೆ ಮಾತ್ರ ಬೇರೆ. ಗುಮಾಸ್ತ ಇವರನ್ನು ಅಣ್ಣ ತಂಗಿ ಅಂದುಕೊಳ್ಳಬೇಕೋ, ಕೊನೆಯ ಅಕ್ಷರ ತಪ್ಪಾಗಿದೆ ಅಂದುಕೊಳ್ಳಬೇಕೋ!

ಇನ್ನು ಕ್ರಿಸ್‌ಮಸ್ ಹಿಂದಿನ ರಾತ್ರಿ. ಪೋಲಿಷ್ ಮನೆಯಲ್ಲಿ ಮೊದಲ ನಕ್ಷತ್ರ ಕಂಡ ಕೂಡಲೇ ಊಟ, ಮಾಂಸ ಇಲ್ಲ, ಕರೆಯದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟಿರುತ್ತಾರೆ. ಸ್ಪೇನ್‌ನವರು ಅದೇ ರಾತ್ರಿ ಒಂಬತ್ತು ಹತ್ತು ಗಂಟೆಗೆ ಹಂದಿ ಮಾಂಸ, ಕುರಿಮರಿ, ಸೀಗಡಿ ಮುಂದಿಟ್ಟುಕೊಂಡು ಕೂರುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆಯವರಾದರೆ ಊಟ ಎಷ್ಟು ಹೊತ್ತಿಗೆ ಅನ್ನುವುದೇ ದೊಡ್ಡ ಪ್ರಶ್ನೆ. ಲಾಭ ಮಾತ್ರ ಮಕ್ಕಳಿಗೆ: ಡಿಸೆಂಬರ್ 24ಕ್ಕೆ ಪೋಲಿಷ್ ಉಡುಗೊರೆ, ಜನವರಿ 6ರ ಮೂವರು ರಾಜರ ಹಬ್ಬಕ್ಕೆ ಸ್ಪ್ಯಾನಿಷ್ ಉಡುಗೊರೆ.

ಪ್ರಶ್ನೆ: ಎರಡು ದೇಶಗಳಿಗೆ ಹಳೇ ನಂಟೇನಾದರೂ ಇದೆಯಾ?

ಉತ್ತರ: ಇದೆ, ಆದರೆ ಸ್ವಲ್ಪ ಮುಜುಗರದ್ದು. 1808ರ ನವೆಂಬರ್ 30ರಂದು ಮ್ಯಾಡ್ರಿಡ್‌ನ ಉತ್ತರಕ್ಕಿರುವ ಸೊಮೊಸಿಯೆರ್ರಾ ಕಣಿವೆಯಲ್ಲಿ ನೆಪೋಲಿಯನ್ ಪರವಾಗಿ ಸ್ಪೇನ್‌ನ ಫಿರಂಗಿಗಳ ಮೇಲೆ ಕುದುರೆ ನುಗ್ಗಿಸಿದವರು ಪೋಲೆಂಡ್‌ನವರು. ಪೋಲೆಂಡ್‌ನಲ್ಲಿ ಅದು ಶೌರ್ಯದ ಕಥೆ. ಸ್ಪೇನ್‌ಗೆ ಅವರು ದಂಡೆತ್ತಿ ಬಂದವರ ಕಡೆಯವರು.

ಪ್ರಶ್ನೆ: ಅಲ್ಲಿನ ಪೌರತ್ವ ತಗೊಳ್ತಾರಾ?

ಉತ್ತರ: ತಗೊಳ್ಳುವ ಅವಸರ ಏನಿಲ್ಲ. ಸಾಮಾನ್ಯವಾಗಿ 10 ವರ್ಷ ಅಲ್ಲಿ ವಾಸ ಇರಬೇಕು, ಮೊದಲಿನ ಪೌರತ್ವ ಬಿಡುತ್ತೇನೆ ಅಂತಲೂ ಹೇಳಬೇಕು. ಒಕ್ಕೂಟದ ಪಾಸ್‌ಪೋರ್ಟ್ ಇರುವಾಗ ವಾಸ, ಕೆಲಸ ಯಾವುದಕ್ಕೂ ಅಡ್ಡಿಯಿಲ್ಲ. ಊರಿನ ಪುರಸಭೆ ಚುನಾವಣೆಗೂ ವೋಟು ಹಾಕಬಹುದು, ಸ್ಪೇನ್‌ನ ಪಾರ್ಲಿಮೆಂಟಿಗೆ ಮಾತ್ರ ಆಗುವುದಿಲ್ಲ.