ಆರಿದ್ರಾ ನಕ್ಷತ್ರ ಕೊಪ್ಪಳದಿಂದ ಯಾವಾಗ ಕಾಣುತ್ತದೆ? ಅದೇಕೆ ಅಷ್ಟು ಕೆಂಪು?

ಆರಿದ್ರಾ ಮಳೆ ಬೀಳುವ ಜೂನ್ ಕೊನೆಯಲ್ಲಿ ಹುಡುಕಬೇಡಿ. ಆಗ ಸೂರ್ಯನೂ ಅದೇ ದಿಕ್ಕಿನಲ್ಲಿರುವುದರಿಂದ ಅದು ಹಗಲಲ್ಲೇ ಹುಟ್ಟಿ ಮುಳುಗುತ್ತದೆ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ನೆತ್ತಿಯ ಹತ್ತಿರವೇ ಇರುತ್ತದೆ. ಸಾಲಾಗಿರುವ ಮೂರು ನಕ್ಷತ್ರಗಳ ಉತ್ತರಕ್ಕಿರುವ ಕೆಂಪು ಚುಕ್ಕೆಯೇ ಅದು.

ಕೆಂಪಿಗೆ ಕಾರಣ ಕಡಿಮೆ ಕಾವು. ಮೇಲ್ಮೈಯಲ್ಲಿ ಸುಮಾರು 3,200 ಡಿಗ್ರಿ ಸೆಲ್ಸಿಯಸ್, ಸೂರ್ಯನದು 5,500. ಆದರೂ ಝಗ್ಗೆನ್ನುವುದು ಗಾತ್ರದಿಂದ: ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ದಾಟುತ್ತದೆ!

ಬೆಳಕು ಸದಾ ಒಂದೇ ತರ ಇರುವುದಿಲ್ಲ, ಸುಮಾರು 400 ದಿನಗಳ ಏರಿಳಿತವಿದೆ. 2020ರ ಫೆಬ್ರುವರಿಯಲ್ಲಂತೂ ರೋಹಿಣಿಗಿಂತ ಮಂಕಾಗಿತ್ತು; ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ಅಡ್ಡ ಬಂದಿತ್ತು. ನೀವೂ ರೋಹಿಣಿಯೊಂದಿಗೆ ಹೋಲಿಸಿ ನೋಡಬಹುದು, ಆದರೆ ಎರಡೂ ಮೇಲೇರಿದ ಮೇಲೆ ಮಾತ್ರ. ದಿಗಂತದ ಬಳಿ ವಾತಾವರಣ ದಟ್ಟವಾಗಿ ಅಡ್ಡಬಂದು ಅಂದಾಜು ತಪ್ಪುತ್ತದೆ.